ಚೈನಿನ ಆ ತುದಿಯಲ್ಲಿ ಮೇಷ್ಟ್ರು

ಅಕ್ಕಪಕ್ಕದ ಮನೆಗಳ ಕೊಡುಕೊಳೆಗೆ ನಮ್ಮಲ್ಲಿ ಯಾರೂ ಬರೆಯದ ಕಾನೂನುಗಳಿವೆ. ಹೆಪ್ಪಿಗೆ ಮೊಸರು ಕೇಳಬಹುದು, ದೀಪ ಹಚ್ಚಿದ ಮೇಲೆ ಕೇಳಬಾರದು. ಸಕ್ಕರೆ, ಕಾಫಿಪುಡಿ ಕಡ ತಂದರೆ ಹಿಂದಿರುಗಿಸುವಾಗ ತಂದದ್ದಕ್ಕಿಂತ ಒಂದು ಚಮಚ ಹೆಚ್ಚೇ ಇರಬೇಕು. ಕರಿಬೇವಿಗೆ ಲೆಕ್ಕವಿಲ್ಲ, ಗಿಡ ಯಾರ ಕಾಂಪೌಂಡಿನೊಳಗೆ ಹುಟ್ಟಿದ್ದರೂ ಅದು ಇಡೀ ಬೀದಿಯ ಆಸ್ತಿ. ಹಬ್ಬದ ಪಾಯಸ ಬಂದ ಪಾತ್ರೆಯನ್ನು ಬರಿದು ಮಾಡಿ ಕಳಿಸಬಾರದು, ಏನೂ ಇಲ್ಲದಿದ್ದರೆ ಎರಡು ಬಾಳೆಹಣ್ಣಾದರೂ ಅದರಲ್ಲಿ ಕೂರಬೇಕು. ಊರಿಗೆ ಹೋಗುವಾಗ ಬೀಗದ ಕೈ ಕೊಟ್ಟು ಹೋಗಬಹುದು, ಬಂದಮೇಲೆ ಪ್ರಸಾದ ಕೊಟ್ಟು ಕೈ ವಾಪಸು ಪಡೆಯಬೇಕು. ಈ ಕಾನೂನುಗಳನ್ನು ಮೀರಿದವರ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ. ಸಂಜೆಯೊಳಗೆ ಇಸ್ತ್ರಿ ಅಂಗಡಿಯಲ್ಲಿ ಅವರ ಹೆಸರು ಓಡಾಡುತ್ತದೆ, ಅಷ್ಟೇ.

ನಾಯಿಯ ವಿಚಾರದಲ್ಲಿ ಮಾತ್ರ ಇಂಥ ಕಾನೂನು ಇನ್ನೂ ಹುಟ್ಟಿಲ್ಲ. ಪಕ್ಕದ ಮನೆಯವರು ನಿಮ್ಮ ನಾಯಿಯನ್ನು ದಿನಾ ಬೆಳಿಗ್ಗೆ ತಿರುಗಾಡಿಸಿಕೊಂಡು ಬಂದರೆ ಅದಕ್ಕೆ ಪ್ರತಿಯಾಗಿ ಏನು ಕೊಡಬೇಕು? ಎಷ್ಟು ದಿನ ಒಪ್ಪಿಕೊಳ್ಳಬಹುದು? ಬೇಡವೆನಿಸಿದಾಗ ಹೇಗೆ ಹೇಳಬೇಕು? ಅವರಿಗೆ ಸಾಕಾದರೆ ಅವರು ಹೇಗೆ ಹೇಳಬೇಕು? ನಮ್ಮ ಅಜ್ಜಿಯ ಬಳಿ ಹೆಪ್ಪಿನಿಂದ ಹಿಡಿದು ಹೆಣ್ಣು ಕೊಡುವವರೆಗೆ ಎಲ್ಲಕ್ಕೂ ಒಂದು ಕಟ್ಟಳೆಯಿತ್ತು. ಇದಕ್ಕೆ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಯಾಕೆಂದರೆ ಅಜ್ಜಿಯ ಕಾಲದಲ್ಲಿ ನಾಯಿಯನ್ನು ಯಾರೂ ತಿರುಗಾಡಿಸುತ್ತಿರಲಿಲ್ಲ, ನಾಯಿಯೇ ತಿರುಗಾಡುತ್ತಿತ್ತು. ಬೆಳಿಗ್ಗೆ ಗದ್ದೆಗೆ ಹೊರಟವರ ಹಿಂದೆ ಹೋಗುತ್ತಿತ್ತು, ಮಧ್ಯಾಹ್ನ ಊಟದ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಹಾಜರಿ ಹಾಕುತ್ತಿತ್ತು, ರಾತ್ರಿ ಜಗುಲಿಯ ಮೇಲೆ ಮಲಗಿ ಗಾಳಿಗೂ ಬೊಗಳುತ್ತಿತ್ತು. ನಾಯಿಗೆ ವಾಕಿಂಗ್ ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೂ ಸಕ್ಕರೆ ಕಾಯಿಲೆಯೇ?"

ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ ಬಾಯಿಗೆ ಬರದ ಕನ್ನಡದ ಮಗು ಅಪರೂಪ. ದೊಡ್ಡವಳಾದ ಮೇಲೆ ಅದನ್ನು ನೆನೆದುಕೊಂಡರೆ ನನಗೆ ಅದೊಂದು ಕರಾರು ಪತ್ರವಾಗಿ ಕಾಣುತ್ತದೆ. ತಿಂಡಿ ಕೊಟ್ಟರೆ ಏನು ಮಾಡುವೆ ಎಂದು ಒಬ್ಬರು ವಿಚಾರಿಸುತ್ತಾರೆ, ಮನೆ ಕಾಯುತ್ತೇನೆ ಎಂದು ಇನ್ನೊಬ್ಬರು ಒಪ್ಪುತ್ತಾರೆ. ಕಳ್ಳ ಬಂದರೆ ಏನು ಗತಿ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಮುಚ್ಚುಮರೆಯಿಲ್ಲ, ಸಂಕೋಚವಿಲ್ಲ. ಒಂದು ಮಗುವೂ ಒಂದು ಮರಿಯೂ ಅಷ್ಟು ಸಲೀಸಾಗಿ ಆಡಿ ಮುಗಿಸುವ ಮಾತನ್ನು ಇಬ್ಬರು ಓದಿದ, ವಯಸ್ಸಾದ, ಮರ್ಯಾದಸ್ಥ ನೆರೆಹೊರೆಯವರು ಆಡಲಾರರು. ನಾನೂ ನಮ್ಮ ಮೇಷ್ಟ್ರೂ ಆಡಲಿಲ್ಲ.

ಮೇಷ್ಟ್ರ ಪರಿಚಯ ಆಗಬೇಕು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಇರುವ ಮನೆ ಅವರದು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರು. ನಿವೃತ್ತಿಯಾದದ್ದು ಸರ್ಕಾರಿ ಕಡತದಲ್ಲಿ ಮಾತ್ರ. ಬೀದಿಯ ಮಟ್ಟಿಗೆ ಅವರು ಈಗಲೂ ಕರ್ತವ್ಯದಲ್ಲೇ ಇದ್ದಾರೆ. ಬಗ್ಗಿ ನಡೆಯುವ ಹುಡುಗರಿಗೆ ಬೆನ್ನು ನೆಟ್ಟಗೆ ಮಾಡಿಸುತ್ತಾರೆ, ಹಾಲಿನವನ ಸ್ಕೂಟರು ಅಡ್ಡ ನಿಂತಿದ್ದರೆ ನೇರ ಮಾಡಿಸುತ್ತಾರೆ. ಎಷ್ಟು ಹೊತ್ತಿಗೆ ಮಲಗಿದರೂ ಐದು ಗಂಟೆಗೆ ಎದ್ದುಬಿಡುವ ಈ ಮನುಷ್ಯನಿಗೆ ಎದ್ದ ಮೇಲೆ ಮಾಡಲು ಕೆಲಸವಿರಲಿಲ್ಲ. ನಮ್ಮ ಮನೆಯಲ್ಲಿ ಎರಡು ನಾಯಿಗಳಿದ್ದವು, ಎದ್ದು ಕರೆದುಕೊಂಡು ಹೋಗಲು ಯಾರಿಗೂ ಪುರುಸೊತ್ತಿರಲಿಲ್ಲ. ಒಂದು ದಿನ ಗೇಟಿನ ಹೊರಗೆ ನಿಂತು, "ಇವುಗಳಿಗೆ ವ್ಯಾಯಾಮ ಸಾಲದು ಕಣಮ್ಮ, ಹೊಟ್ಟೆ ನೋಡು" ಎಂದರು. ಮಾರನೆಯ ಬೆಳಿಗ್ಗೆಯಿಂದ ಚೈನುಗಳು ಅವರ ಕೈಯಲ್ಲಿದ್ದವು. ನೇಮಕಾತಿ ಇಷ್ಟೇ. ಅರ್ಜಿಯಿಲ್ಲ, ಆದೇಶವಿಲ್ಲ, ಸಂಬಳವಿಲ್ಲ, ರಜೆಯೂ ಇಲ್ಲ.

ನಾಯಿಗಳಲ್ಲಿ ದೊಡ್ಡವಳು ಚೆನ್ನಿ. ಬೀದಿಯಲ್ಲಿ ಹುಟ್ಟಿ ಮಳೆಯೊಂದರ ರಾತ್ರಿ ನಮ್ಮ ಕಾರಿನಡಿ ಸೇರಿಕೊಂಡವಳು, ಈಗ ಮೂತಿಯ ಸುತ್ತ ನರೆತಿದ್ದಾಳೆ. ನಡಿಗೆ ನಿಧಾನ, ನಿಲ್ಲುವುದು ಜಾಸ್ತಿ. ಇನ್ನೊಬ್ಬ ಬೋರ, ಮುಧೋಳದ ತಳಿ. ಮುಧೋಳವೆಂದರೆ ಸಾಮಾನ್ಯವಲ್ಲ. ಅಲ್ಲಿನ ಘೋರ್ಪಡೆ ಅರಸರು ಬೆಳೆಸಿದ ಬೇಟೆನಾಯಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ರಾಂಪುರ, ರಾಜಪಾಳ್ಯಂ ಮತ್ತು ಹಿಮಾಲಯದ ಕುರಿಕಾಯುವ ನಾಯಿಯ ಜೊತೆ ಇದೂ ಕೂತಿತ್ತು. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ದೂರದಲ್ಲಿ ಏನಾದರೂ ಚಲಿಸಿದರೆ ಸಾಕು, ಇದರ ಕಾಲು ಇದರ ಮಾತು ಕೇಳುವುದಿಲ್ಲ. ಬಯಲುಸೀಮೆಯ ಮೊಲದ ಹಿಂದೆ ಓಡಲೆಂದು ತಯಾರಾದ ದೇಹ ಕುವೆಂಪುನಗರದ ಅಳಿಲಿನ ಮೇಲೆ ತನ್ನ ಪರಂಪರೆಯನ್ನೆಲ್ಲ ಖರ್ಚು ಮಾಡುತ್ತದೆ. ಚೈನಿನ ಇನ್ನೊಂದು ತುದಿಯಲ್ಲಿರುವವರ ಭುಜ ಗಟ್ಟಿಯಿರಬೇಕು. ಮೇಷ್ಟ್ರ ಭುಜ ಗಟ್ಟಿಯಿತ್ತು. ಮಂಡಿಯ ವಿಚಾರ ಆಮೇಲೆ ಬರುತ್ತದೆ.

ನಾಯಿಗಳ ಜೊತೆ ಇಂಗ್ಲಿಷ್ ಮಾತಾಡುವುದು ನಮ್ಮೂರ ಪದ್ಧತಿ. ಮನೆಯಲ್ಲಿ ಹೆಂಡತಿಯ ಹತ್ತಿರ, ಮಕ್ಕಳ ಹತ್ತಿರ, ಬ್ಯಾಂಕಿನ ಮ್ಯಾನೇಜರರ ಹತ್ತಿರವೂ ಕನ್ನಡವನ್ನೇ ಆಡುವವರು ನಾಯಿಯನ್ನು ಕಂಡೊಡನೆ ಸಿಟ್, ಕಮ್, ನೋ ಎಂದು ಶುರುಮಾಡುತ್ತಾರೆ. ಮೇಷ್ಟ್ರು ಹಾಗಲ್ಲ. "ಕೂತ್ಕೊಳ್ಳಯ್ಯ, ಬಸ್ಸು ಹೋಗ್ಲಿ" ಎಂದರೆ ಬೋರ ಕೂರುತ್ತಿದ್ದ. "ಏನಮ್ಮಾ ಚೆನ್ನಮ್ಮ, ಸಾಕಾಯ್ತಾ?" ಎಂದು ಅವಳ ಒಪ್ಪಿಗೆ ಪಡೆದೇ ಮನೆಯ ಕಡೆ ತಿರುಗುತ್ತಿದ್ದರು. ಒಬ್ಬನಿಗೆ ಕವಾಯತಿನ ಕನ್ನಡ, ಇನ್ನೊಬ್ಬಳಿಗೆ ಬೀಗರ ಮನೆಯ ಕನ್ನಡ. ಚೆನ್ನಿ ಪ್ರತಿ ಕಂಬವನ್ನೂ ಮೂಸುತ್ತ ನಿಂತರೆ ಮೇಷ್ಟ್ರು ಎಳೆಯುತ್ತಿರಲಿಲ್ಲ. ಅದು ಸರಿಯಾದ ಕ್ರಮ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50-60 ಲಕ್ಷವಿದ್ದರೆ ನಾಯಿಯಲ್ಲಿ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆ. ನಾವು ಕಾಲಿಗೆ ವ್ಯಾಯಾಮವಾಗಲಿ ಎಂದು ಅವನ್ನು ಹೊರಗೆ ಒಯ್ಯುತ್ತೇವೆ, ಅವು ಮೂಗಿನ ಕೆಲಸಕ್ಕೆಂದು ಬರುತ್ತವೆ. ಅರ್ಧ ಗಂಟೆ ಮೂಸಲು ಬಿಟ್ಟ ನಾಯಿ, ಒಂದು ಗಂಟೆ ಓಡಿಸಿದ ನಾಯಿಗಿಂತ ಸಮಾಧಾನವಾಗಿ ಮಲಗುವುದನ್ನು ಸಾಕಿದವರೆಲ್ಲ ನೋಡಿಯೇ ಇರುತ್ತಾರೆ.

ಹೀಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದಾಗ ಬೇಸಿಗೆ ರಜ ಬಂತು, ರಜಕ್ಕೆ ಶಿವಮೊಗ್ಗದಿಂದ ಅಕ್ಕನ ಮಗ ಬಂದ. ಪಿಯುಸಿ ಪರೀಕ್ಷೆ ಮುಗಿಸಿ ಕೈಕಾಲು ಸುಮ್ಮನಿರದ ಹುಡುಗ. ಒಂದು ಮುಂಜಾನೆ ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ನಾಯಿಗಳನ್ನು ಬಿಚ್ಚಿಕೊಂಡು ಹೊರಟುಬಿಟ್ಟ. ಎಂದಿನ ಹೊತ್ತಿಗೆ ಮೇಷ್ಟ್ರು ಗೇಟಿಗೆ ಬಂದರು. ಖಾಲಿ ಕೊಕ್ಕೆ ನೋಡಿದರು. ಬೀದಿಯ ತುದಿಯಲ್ಲಿ ಹುಡುಗನೂ ನಾಯಿಗಳೂ ಓಡುತ್ತಿದ್ದುದನ್ನು ನೋಡಿದರು. ಮನೆಗೆ ಹಿಂದಿರುಗಿದರು. ಮರುದಿನ ಬರಲಿಲ್ಲ. ಮೇಷ್ಟ್ರು ಮಗಳ ಮನೆಗೆ ಹೋಗಿರಬೇಕೆಂದು ನಾವಂದುಕೊಂಡೆವು. ಹುಡುಗನೇ ಕರೆದುಕೊಂಡು ಹೋದ. ಅದರ ಮರುದಿನವೂ ಅವನೇ.

ಅಷ್ಟರಲ್ಲಿ ಬೋರ ಕುಂಟತೊಡಗಿದ. ಬೇಸಿಗೆಯಲ್ಲಿ ಟಾರು ರಸ್ತೆ ನಾಯಿಗೆ ಶತ್ರು. ಹಿಂಗೈಯನ್ನು ರಸ್ತೆಗೆ ಐದಾರು ಸೆಕೆಂಡು ಒತ್ತಿ ಹಿಡಿಯಲಾಗದಿದ್ದರೆ ಆ ರಸ್ತೆಯಲ್ಲಿ ನಾಯಿಯನ್ನು ನಡೆಸಬಾರದು. ನಾಯಿ ಬೆವರುವುದೇ ಅಂಗಾಲಿನಲ್ಲಿ, ಸುಡುವುದೂ ಅಲ್ಲೇ. ಹಾಗೇನಾದರೂ ಆಗಿರಬಹುದೆಂದು ಪಶುವೈದ್ಯರ ಬಳಿ ಕರೆದೊಯ್ದರೆ ಬೆರಳ ಸಂದಿಯಲ್ಲಿ ಹುಲ್ಲಿನ ಬೀಜದ ಮುಳ್ಳು ಹೊಕ್ಕು ಕೀವಾಗಿತ್ತು. ಇಂಥ ಮುಳ್ಳು ಚುಚ್ಚಿದ ದಿನ ತಿಳಿಯುವುದಿಲ್ಲ, ಒಳಗೊಳಗೇ ಸರಿದು ಆಮೇಲೆ ನೋವು ಕೊಡುತ್ತದೆ. ಎಲ್ಲಿ ತುಳಿದ ಎಂದು ತಿಳಿದರೆ ಆ ದಾರಿ ಬಿಡಬಹುದಲ್ಲ ಎಂದು, ಬೆಳಿಗ್ಗೆ ಹೂವು ಕೊಡಲು ಬಂದ ಹೂವಮ್ಮನ ಬಾಯಲ್ಲಿ ಪಕ್ಕದ ಮನೆಗೆ ಒಂದು ಮಾತು ಹೋಯಿತು: ಮೇಷ್ಟ್ರು ಯಾವ ಖಾಲಿ ಸೈಟಿನ ಕಡೆ ಕರ್ಕೊಂಡು ಹೋಗ್ತಿದ್ರು ಅಂತ ಕೇಳು.

ಮಾತು ನಮ್ಮ ಗೇಟಿನಿಂದ ಹೊರಟಾಗ ಇಷ್ಟೇ ಇತ್ತು. ಮೇಷ್ಟ್ರ ಹೊಸ್ತಿಲು ತಲುಪುವಾಗ "ಖಾಲಿ ಸೈಟಿಗೆ ಕರ್ಕೊಂಡು ಹೋಗಿ ನಾಯಿ ಕಾಲು ಹಾಳು ಮಾಡಿದ್ದಾರೆ ಅಂತಾರೆ" ಎಂದಾಗಿತ್ತು. ಹೂವಮ್ಮ ಸುಳ್ಳು ಹೇಳುವವಳಲ್ಲ. ಮೊಳ ಹಾಕುವಾಗ ಒಂದೆರಡು ಹೂವು ಕೊಸರು ಸೇರಿಸುವುದು ಅವಳ ವೃತ್ತಿಧರ್ಮ; ಮಾತಿಗೂ ಸೇರಿಸಿದಳು. ಪ್ರತ್ಯುತ್ತರ ಇಸ್ತ್ರಿ ಅಂಗಡಿಯ ಮಾರ್ಗವಾಗಿ ಬಂತು. "ಮೇಷ್ಟ್ರು ಇನ್ಮೇಲೆ ನಿಮ್ಮ ನಾಯಿ ಸಹವಾಸವೇ ಬೇಡ ಅಂದ್ರಂತೆ." ಅವರು ನಿಜವಾಗಿ ಹೇಳಿದ್ದು, ಮಂಡಿನೋವಿನಲ್ಲಿ ಬೋರನ ಸಹವಾಸ ಕಷ್ಟ ಎಂದು. ಮಂಡಿ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು, ಸಹವಾಸ ಮಾತ್ರ ನಮ್ಮನೆ ತಲುಪಿತು.

ಅಲ್ಲಿಂದ ಮುಂದಿನ ಕೆಲವು ದಿನ ನಮ್ಮ ಬೀದಿಯಲ್ಲಿ ನಡೆದದ್ದು ನಾಟಕ ಕಂಪನಿಯವರೂ ಆಡಲಾರದ ನಾಟಕ. ಮನುಷ್ಯರು ಮಾತು ಬಿಟ್ಟರು, ನಾಯಿಗಳು ಬಿಡಲಿಲ್ಲ. ತಮ್ಮ ಯಜಮಾನರು ಯಾರ ಮೇಲೆ ಮುನಿಸಿಕೊಂಡಿದ್ದಾರೆಂದು ನಾಯಿಗಳಿಗೆ ತಿಳಿಸುವ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ. ಮೇಷ್ಟ್ರು ಎದುರಿಗೆ ಬಂದರೆ ಬೋರ ಹಿಂಗಾಲಿನ ಮೇಲೆ ನಿಂತು ಕುಣಿಯುತ್ತಿದ್ದ. ಚೆನ್ನಿ ರಸ್ತೆಯ ನಡುವೆಯೇ ಅಂಗಾತ ಮಲಗಿ ಹೊಟ್ಟೆ ತೋರಿಸುತ್ತಿದ್ದಳು. ಮೇಷ್ಟ್ರು ಬಗ್ಗಿ ಅವಳ ಹೊಟ್ಟೆ ಸವರುತ್ತ "ಏನಮ್ಮಾ, ಚೆನ್ನಾಗಿದೀಯಾ? ಊಟ ಮಾಡ್ತಿದೀಯಾ?" ಎಂದು ನಾಯಿಯ ಕ್ಷೇಮ ಕೇಳುತ್ತಿದ್ದರು. ಅವರ ತಲೆಯ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ನನ್ನ ಮುಖವಿತ್ತು. ನಾನು ವಿದ್ಯುತ್ ಕಂಬದ ಮೇಲೆ ಬರೆದಿದ್ದ ನಂಬರು ಓದುತ್ತಿದ್ದೆ. ಎದ್ದು ನಿಂತ ಮೇಲೆ ಅವರೂ ಅದೇ ನಂಬರು ಓದುತ್ತಿದ್ದರು. ಬೆಳಗಿನ ಐದೂವರೆಗೆ ಚೆನ್ನಿ ಮೇಷ್ಟ್ರ ಮನೆಯ ಕಡೆ ಮುಖ ಮಾಡಿ ಊಳಿಡುತ್ತಿದ್ದುದರಿಂದ, ಬೀದಿಯಲ್ಲಿ ಯಾರಿಗಾದರೂ ಈ ವಿರಸ ಗೊತ್ತಿಲ್ಲದೆ ಇದ್ದರೆ ಅವರಿಗೂ ಗೊತ್ತಾಯಿತು.

ಇಂಥ ವಿರಸಗಳ ತಮಾಷೆಯೆಂದರೆ, ಇಬ್ಬರ ಬಳಿಯೂ ಸಾಕ್ಷಿ ಇರುತ್ತದೆ. ಹುಡುಗನನ್ನು ಗೊತ್ತು ಮಾಡಿಕೊಂಡಿದ್ದಾರೆ ಎನ್ನುವುದಕ್ಕೆ ಮೇಷ್ಟ್ರ ಕಣ್ಣೇ ಸಾಕ್ಷಿ. ಮೇಷ್ಟ್ರು ಹೇಳದೆ ಕೇಳದೆ ನಿಲ್ಲಿಸಿಬಿಟ್ಟರು ಎನ್ನುವುದಕ್ಕೆ ನಮ್ಮ ಗೇಟೇ ಸಾಕ್ಷಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದು ಸುಮ್ಮನಲ್ಲ. ಕೇಳಿದ ಮಾತನ್ನು ಎಲ್ಲರೂ ಅಷ್ಟಿಷ್ಟು ಅನುಮಾನಿಸುತ್ತಾರೆ. ಕಣ್ಣಾರೆ ಕಂಡದ್ದು ಹಾಗಲ್ಲ, ಅದರ ಮೇಲೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ನೆರೆಹೊರೆಯ ಜಗಳಗಳಲ್ಲಿ ಮುಕ್ಕಾಲು ಪಾಲು ಕಣ್ಣಿನಿಂದಲೇ ಶುರುವಾಗುತ್ತವೆ. ಯಾಕೆಂದರೆ ಎರಡು ಮನೆಗಳ ನಡುವೆ ಕಿಟಕಿಯಿದೆ, ಕಾಂಪೌಂಡಿದೆ, ನೋಡಲು ಬೇಕಾದಷ್ಟು ಸಿಗುತ್ತದೆ. ಕೇಳಲು ಮಾತ್ರ ಎದ್ದು ಹೋಗಬೇಕು.

ಮಹಾಭಾರತದ ಆದಿಪರ್ವದ ಮೊದಲಲ್ಲೇ ಒಂದು ನಾಯಿಮರಿಯ ಪ್ರಸಂಗವಿದೆ. ಕುರುಕ್ಷೇತ್ರದಲ್ಲಿ ಜನಮೇಜಯ ಯಜ್ಞ ಮಾಡುತ್ತಿದ್ದಾನೆ. ಅಲ್ಲಿಗೆ ದೇವಲೋಕದ ನಾಯಿ ಸರಮೆಯ ಮರಿ ಬರುತ್ತದೆ. ಜನಮೇಜಯನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಅದನ್ನು ಹೊಡೆದು ಅಟ್ಟುತ್ತಾರೆ. ಮರಿ ಅಳುತ್ತ ತಾಯಿಯ ಬಳಿ ಓಡುತ್ತದೆ. ಸರಮೆ ಮೊದಲು ಮಾಡಿದ್ದೇನು? ನೇರ ಜಗಳಕ್ಕೆ ಹೋಗಲಿಲ್ಲ. ನೀನೇ ಏನೋ ತಪ್ಪು ಮಾಡಿರಬೇಕು ಎಂದು ತನ್ನ ಮಗನನ್ನೇ ವಿಚಾರಿಸಿದಳು. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲ ಎಂದು ಅದು ಹೇಳಿದ ಮೇಲೆಯೇ ಯಜ್ಞಶಾಲೆಗೆ ಹೋಗಿ, ತಪ್ಪಿಲ್ಲದವನನ್ನು ಯಾಕೆ ಹೊಡೆದಿರಿ ಎಂದು ಕೇಳಿದಳು. ಅವರು ಉತ್ತರ ಕೊಡಲಿಲ್ಲ. ಆಗ ಅವಳು ಶಪಿಸಿದಳು: ನಿಮಗೆ ಕಾಣದ ಕಡೆಯಿಂದ ಭಯ ಬರಲಿ. ಅಷ್ಟು ದೊಡ್ಡ ಯಜ್ಞ ಮಾಡುತ್ತಿದ್ದ ದೊರೆ ಹೆದರಿ, ಶಾಪ ಶಾಂತಿಗೆ ತಕ್ಕ ಪುರೋಹಿತನನ್ನು ಹುಡುಕಿಕೊಂಡು ಹೊರಟ.

ಆ ಕಾವ್ಯದ ಕೊನೆಗೆ ಧರ್ಮರಾಯನ ಹಿಂದೆ ಹೋಗುವ ನಾಯಿ ಎಲ್ಲರಿಗೂ ಗೊತ್ತು. ಮೊದಲಲ್ಲಿ ಬರುವ ಈ ನಾಯಿಯನ್ನು ನೆನೆಯುವವರು ಕಡಿಮೆ. ನನಗೆ ಇದೇ ಹೆಚ್ಚು ಉಪಯೋಗಕ್ಕೆ ಬಂದ ಕತೆ. ಹೊಡೆದದ್ದಕ್ಕೆ ಶಾಪ ಬಂದಿದ್ದರೆ ಅದು ಆಗಲೇ ಬರಬೇಕಿತ್ತು. ಬಂದದ್ದು ಕೇಳಿದ ಮೇಲೂ ಅವರು ಬಾಯಿ ಬಿಡದಿದ್ದಾಗ. ಮೇಷ್ಟ್ರೂ ನಾನೂ ಕಂಬದ ನಂಬರು ಓದುತ್ತ ನಿಂತದ್ದು ಅದೇ ಯಜ್ಞಶಾಲೆಯಲ್ಲಿ.

ಎದ್ದು ಹೋಗುವುದೆಂದು ತೀರ್ಮಾನವಾದ ಮೇಲೆ ಹೇಗೆ ಹೋಗುವುದು ಎಂಬ ಪ್ರಶ್ನೆ. ವಾಟ್ಸಾಪಿನಲ್ಲಿ ನಾಲ್ಕು ಸಾಲು ಹಾಕಿಬಿಡು ಎಂದು ಅಕ್ಕನ ಮಗನ ಸಲಹೆ. ಬರೆದ ಮಾತಿಗೆ ಮುಖವಿರುವುದಿಲ್ಲ. ಓದುವವರು ತಮ್ಮ ಆ ಹೊತ್ತಿನ ಸಿಟ್ಟನ್ನೇ ಅದಕ್ಕೆ ಮುಖವಾಗಿ ತೊಡಿಸುತ್ತಾರೆ. ನಾಯಿಗಳನ್ನೂ ಕರೆದುಕೊಂಡು ಹೋಗೋಣವೆಂದು ಮನೆಯವರು. ಅದು ವಕೀಲರನ್ನು ಕರೆದೊಯ್ದ ಹಾಗೆ. ಮೇಷ್ಟ್ರು ಚೆನ್ನಿಯ ಮುಖ ನೋಡಿ ಎಲ್ಲಕ್ಕೂ ಒಪ್ಪಿಬಿಡುತ್ತಿದ್ದರು, ಮನಸ್ಸಿನಲ್ಲಿದ್ದದ್ದು ಮನಸ್ಸಿನಲ್ಲೇ ಉಳಿಯುತ್ತಿತ್ತು. ಹಣ್ಣು, ಸ್ವೀಟು ಹಿಡಿದು ಹೋದರೆ ಕೂಲಿ ಕೊಡಲು ಬಂದ ಹಾಗಾಗುತ್ತದೆ. ಕೊನೆಗೆ ಬರಿಗೈಯಲ್ಲಿ, ಹತ್ತು ಗಂಟೆಯ ಮೇಲೆ, ಪೂಜೆ ತಿಂಡಿ ಮುಗಿದು ಪೇಪರೂ ಓದಿಯಾಗಿರುವ ಹೊತ್ತು ನೋಡಿಕೊಂಡು ಹೋದೆ. ಹೊಟ್ಟೆ ತುಂಬಿದ ಮನುಷ್ಯರಲ್ಲಿ ಜಗಳದ ಶಕ್ತಿ ಅರ್ಧಕ್ಕಿಳಿದಿರುತ್ತದೆ.

"ಬಾಮ್ಮ" ಎಂದರು. ಧ್ವನಿಯಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ. ಅವರ ಮನೆಯವರು ಕಾಫಿ ತರಲು ಒಳಗೆ ಹೋದರು.

"ಮೇಷ್ಟ್ರೇ, ನೀವು ಬರೋದು ಯಾಕೆ ನಿಲ್ಲಿಸಿದ್ರಿ ಅಂತ ನಂಗೆ ಗೊತ್ತಿಲ್ಲ. ಊಹೆ ಮಾಡೋದು ಬೇಡ, ಕೇಳೇಬಿಡೋಣ ಅಂತ ಬಂದೆ" ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಿಮ್ಮನೆ ಹುಡುಗ ಬಂದಿದಾನಲ್ಲ. ಅವನೇ ಕರ್ಕೊಂಡು ಹೋಗ್ತಾನೆ, ಇನ್ನು ನಾನ್ಯಾಕೆ ಗೇಟು ಕಾಯೋದು ಅಂದ್ಕೊಂಡೆ."

"ಅವನು ರಜಕ್ಕೆ ಬಂದವನು ಮೇಷ್ಟ್ರೇ. ಯಾರನ್ನೂ ಕೇಳದೆ ತಾನೇ ಎದ್ದು ಹೋದ. ನೀವು ಊರಲ್ಲಿಲ್ಲ ಅಂತ ನಾವು ಅಂದ್ಕೊಂಡ್ವಿ."

"ಊರಲ್ಲಿಲ್ಲದೆ ಎಲ್ಲಿಗೆ ಹೋಗ್ಲಿ? ದಿನಾ ಪೇಪರ್ ನಾನೇ ತಾನೆ ಎತ್ಕೊಳ್ಳೋದು?" ಎಂದರು. ಸ್ವಲ್ಪ ತಡೆದು, "ನಾಯಿ ಕಾಲು ನಾನು ಹಾಳು ಮಾಡಿದೆ ಅಂದ್ರಂತಲ್ಲ" ಎಂದರು.

ಮುಳ್ಳಿನ ಕತೆ, ಹೂವಮ್ಮನ ಕೊಸರಿನ ಕತೆ ಎರಡೂ ಹೊರಬಂದವು. ಪಶುವೈದ್ಯರ ಚೀಟಿಯನ್ನು ಮೇಷ್ಟ್ರು ಪೂರ್ತಿ ಓದಿದರು. ಅವರೂ ಹುಡುಗನೂ ಇಬ್ಬರೂ ಅದೇ ಖಾಲಿ ಸೈಟಿನ ಪಕ್ಕ ಹೋಗುತ್ತಿದ್ದರು. ಮುಳ್ಳು ಯಾರ ಪಾಳಿಯಲ್ಲಿ ಹೊಕ್ಕಿತೆಂದು ಹೇಳಬಲ್ಲವನು ಬೋರ ಒಬ್ಬನೇ, ಅವನು ಹೇಳುವವನಲ್ಲ. ಅಷ್ಟಾದ ಮೇಲೆ, ಕಾಫಿ ಲೋಟ ಕೆಳಗಿಡುತ್ತ ಅವರ ಮನೆಯವರು ಬಾಂಬು ಹಾಕಿದರು. "ಅದೆಲ್ಲ ಇರ್ಲಿ ಬಿಡಮ್ಮ. ನಾಲ್ಕು ತಿಂಗಳಿಂದ ಇವರಿಗೆ ಮಂಡಿನೋವು. ಆ ಬೋರ ಎಳೆದಾಗಲೆಲ್ಲ ಮನೇಗೆ ಬಂದು ಎಣ್ಣೆ ತಿಕ್ಕಿಸ್ಕೋತಾರೆ. ಹೇಳ್ಬಿಡಿ ಅಂದ್ರೆ, ಒಪ್ಕೊಂಡ ಕೆಲಸ ಹೇಗೆ ಬಿಡೋದು ಅಂತಾರೆ."

ಮೇಷ್ಟ್ರು ಪೇಪರು ಎತ್ತಿಕೊಂಡು, ಓದಿಯಾಗಿದ್ದ ಪುಟವನ್ನೇ ಮತ್ತೆ ಓದತೊಡಗಿದರು. ಹುಡುಗನನ್ನು ಕಂಡು ಅವರಿಗೆ ನೋವೂ ಆಗಿತ್ತು, ಸಮಾಧಾನವೂ ಆಗಿತ್ತು, ಎರಡನ್ನೂ ಹೇಳಿಕೊಳ್ಳುವಂತಿರಲಿಲ್ಲ. ಹಣ ಕೊಟ್ಟು ಗೊತ್ತು ಮಾಡಿಕೊಂಡ ಕೆಲಸದಲ್ಲಿ ಈ ಕಷ್ಟವಿಲ್ಲ. ಸಂಬಳದವರು ಎರಡು ದಿನ ರಜ ಬೇಕು ಎನ್ನುತ್ತಾರೆ, ಬೇಡವಾದರೆ ಬಿಡುತ್ತಾರೆ; ಇಟ್ಟುಕೊಂಡವರೂ ಸಾಕು ಎನ್ನಬಹುದು. ಪುಕ್ಕಟೆ ಮಾಡುವವರು ಬಿಡಲಾರರು, ಪುಕ್ಕಟೆ ಪಡೆಯುವವರು ಕೇಳಲಾರರು. ಹೀಗಾಗಿ ಸಂಬಳದ ಕೆಲಸಕ್ಕಿಂತ ಸ್ನೇಹದ ಕೆಲಸಕ್ಕೇ ಮೊದಲು ಮಾತು ಸ್ಪಷ್ಟವಾಗಬೇಕು. ನಾವು ಮಾಡುವುದು ಇದರ ತಿರುವು ಮುರುವು. ತಿಂಗಳಿಗೆ ಇಷ್ಟೆಂದು ಗೊತ್ತಾದ ಕೆಲಸಕ್ಕೆ ಹತ್ತು ಷರತ್ತು ಹಾಕುತ್ತೇವೆ, ಕೊಟ್ಟು ತೀರದ ಉಪಕಾರವನ್ನು ನಗುವಿನಲ್ಲಿ ಮುಗಿಸುತ್ತೇವೆ.

ಸ್ನೇಹದಲ್ಲಿ ಕರಾರು ಏನು ಚೆನ್ನ ಎನ್ನುವವರು ಆತಕೂರಿನ ಕಲ್ಲನ್ನು ನೋಡಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಪರಾಕ್ರಮ ತೋರಿದವನು ಮಣಲೆರ. ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕೊಟ್ಟರು. ಮುಂದೆ ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿಗಳ ಕಾಳಗವನ್ನು ಅದರ ಮೇಲೆ ಕೆತ್ತಿದರು.

ಪ್ರೀತಿಯ ನಾಯಿ, ಕೊಟ್ಟವನು ಒಬ್ಬ, ಕರೆದೊಯ್ದವನು ಇನ್ನೊಬ್ಬ, ನಾಯಿ ಸತ್ತೇಹೋಯಿತು. ನಮ್ಮ ಬೀದಿಯಲ್ಲಾದರೆ ಮೂರು ತಲೆಮಾರು ಮಾತು ಬಿಡಲು ಇಷ್ಟು ಸಾಕು. ಆ ಕಲ್ಲಿನಲ್ಲಿ ಆಕ್ಷೇಪಣೆಯ ಮಾತಿಲ್ಲ. ಬದಲಿಗೆ ಕರಾರಿದೆ. ಕಲ್ಲಿಗೆ ಪೂಜೆ ಮಾಡಲು ಭೂಮಿ ಬಿಟ್ಟದ್ದು, ಆ ಭೂಮಿ ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದು, ಎಲ್ಲವೂ ಬರವಣಿಗೆಯಲ್ಲಿದೆ. ಯಾರು ಮಾಡಬೇಕು, ಏನು ಮಾಡಬೇಕು, ಬದಲಿಗೆ ಏನು, ತಪ್ಪಿದರೆ ಏನು. ಸಾವಿರ ವರ್ಷದ ಹಿಂದೆ ಸತ್ತ ನಾಯಿಯ ಬಗ್ಗೆ ಇಷ್ಟು ಬಿಡಿಸಿ ಹೇಳಿದ್ದಾರೆ. ಬದುಕಿರುವ ನಾಯಿಯ ಬಗ್ಗೆ ನಾವು ಒಂದು ಸಾಲು ಆಡುವುದಿಲ್ಲ.

ಅಂದು ಮೇಷ್ಟ್ರ ಹಾಲಿನಲ್ಲಿ ಕಲ್ಲು ನಿಲ್ಲಿಸದಿದ್ದರೂ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾವೂ ಬರೆದುಕೊಂಡೆವು. ಬರೆದವರು ಮೇಷ್ಟ್ರೇ, ಸ್ಪೋರ್ಟ್ಸ್ ಡೇ ಕಾರ್ಯಕ್ರಮಪಟ್ಟಿಯ ಅಕ್ಷರದಲ್ಲಿ. ಚೆನ್ನಿ ಅವರ ಪಾಲು, ಬೋರ ನಮ್ಮ ಪಾಲು. ಭಾನುವಾರ ಅವರಿಗೆ ರಜ. ಮನೆಗೆ ನೆಂಟರು ಬಂದು ನಾಯಿಗಳನ್ನು ಬೇರೆ ಯಾರಾದರೂ ಕರೆದೊಯ್ಯುವುದಾದರೆ ಹಿಂದಿನ ರಾತ್ರಿಯೇ ಕಾಂಪೌಂಡಿನ ಮೇಲಿಂದ ಹೇಳಿಬಿಡುವುದು. ನಾಯಿ ರಸ್ತೆಯಲ್ಲಿ ಗಲೀಜು ಮಾಡಿದರೆ ಚೈನು ಯಾರ ಕೈಯಲ್ಲಿದೆಯೋ ಅವರೇ ಎತ್ತುವುದು, ಕವರು ನಾವು ಕೊಡುವುದು. ನಡೆದು ಬಂದ ಮೇಲೆ ಬೆರಳ ಸಂದಿ ನೋಡುವುದು, ಕಿವಿಯ ಹಿಂದೆ ಉಣ್ಣೆ ಇದೆಯೇ ನೋಡುವುದು.

ತಿಂಡಿಯ ಕಲಮಿಗೆ ಬಂದಾಗ ಇನ್ನೊಂದು ವಿಷಯ ಬಯಲಾಯಿತು. ಪಾರ್ಕಿನ ಎದುರಿನ ಬೇಕರಿಯಲ್ಲಿ ಮೇಷ್ಟ್ರು ಟೀ ಕುಡಿಯುವಾಗ ಎರಡೂ ನಾಯಿಗಳಿಗೆ ಬನ್ನು ಸಲ್ಲುತ್ತಿತ್ತಂತೆ. ಒಣದ್ರಾಕ್ಷಿ ಹಾಕಿದ ಬನ್ನು. ದ್ರಾಕ್ಷಿ ಹಸಿಯಾದರೂ ಒಣಗಿದ್ದಾದರೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಉಪ್ಪಿಟ್ಟಿನ ಈರುಳ್ಳಿ ಅವುಗಳ ರಕ್ತಕಣಗಳನ್ನು ಒಡೆಯುತ್ತದೆ. ಚಾಕೊಲೇಟು ಹೃದಯಕ್ಕೇ ಕೈ ಹಾಕುತ್ತದೆ. ಇದನ್ನು ಹೇಳಿದಾಗ ಮೇಷ್ಟ್ರ ಮುಖ ಬಿಳುಪೇರಿತು. "ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ಎಂದರು. ಬನ್ನು ಕೊಡುವುದು ನಮಗೆ ತಿಳಿದಿರಲಿಲ್ಲ, ಕೊಡಬಾರದೆಂಬುದು ಅವರಿಗೆ ತಿಳಿದಿರಲಿಲ್ಲ. ಮುನಿಸು ಬಾರದಿದ್ದರೆ ಬನ್ನು ನಡೆದೇ ಇರುತ್ತಿತ್ತು. ಜಗಳಗಳಲ್ಲಿ ಇಂಥ ಉಪಯೋಗವೂ ಉಂಟು. ದ್ರಾಕ್ಷಿಯಿಲ್ಲದ, ಸಕ್ಕರೆಯಿಲ್ಲದ ಒಂದು ತುಂಡು ಬೆಂದ ಕುಂಬಳಕಾಯಿ ಎಂದು ಕಲಮು ತಿದ್ದುಪಡಿಯಾಯಿತು. ಬೋರನ ಅಭಿಪ್ರಾಯ ಕೇಳಲಿಲ್ಲ.

ಕೊನೆಯ ಕಲಮನ್ನು ಸೇರಿಸಿದವರು ಅವರ ಮನೆಯವರು: ಏನಾದರೂ ಕಚ್ಚಿದರೆ, ಯಾರನ್ನಾದರೂ ಬೀಳಿಸಿದರೆ? ಸರಿಯಾದ ಪ್ರಶ್ನೆ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಪ್ರಾಣಿ ಯಾರ ವಶದಲ್ಲಿದೆಯೋ ಅವರ ಅಜಾಗರೂಕತೆಯನ್ನು ಕೇಳುತ್ತದೆ. ಆರು ತಿಂಗಳವರೆಗೆ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅಂದರೆ ಬೆಳಿಗ್ಗೆ ಐದೂವರೆಗೆ ಪ್ರೀತಿಗೆಂದು ಚೈನು ಹಿಡಿದ ನೆರೆಯವರೂ ಕಾನೂನಿನ ಕಣ್ಣಿಗೆ ಬೀಳಬಹುದು. ಆದ್ದರಿಂದ ರೇಬಿಸ್ ಲಸಿಕೆಯನ್ನು ವರ್ಷ ವರ್ಷವೂ ಹಾಕಿಸಿ ಅದರ ಪುಸ್ತಕದ ನಕಲನ್ನು ಅವರ ಮನೆಯಲ್ಲೂ ಒಂದು ಇಡುವುದು, ಏನೇ ಖರ್ಚು ಬಂದರೂ ಸಾಕಿದವರೇ ಭರಿಸುವುದು ಎಂದು ಬರೆದೆವು. ಉಪಕಾರ ಮಾಡುವವರಿಗೆ ಕೈತುಂಬ ಕೃತಜ್ಞತೆ ಕೊಡುವುದಕ್ಕಿಂತ ಈ ಒಂದು ನಕಲು ಕೊಡುವುದು ಮೇಲು.

ಈಗ ಬೆಳಿಗ್ಗೆ ಮೇಷ್ಟ್ರು ಚೆನ್ನಿಯನ್ನು ಕರೆದುಕೊಂಡು ಎಡಕ್ಕೆ ಹೋಗುತ್ತಾರೆ, ನಾವು ಬೋರನ ಹಿಂದೆ ಬಲಕ್ಕೆ ಓಡುತ್ತೇವೆ. ಅಕ್ಕನ ಮಗ ಕಾಲೇಜು ಸೇರಿದ. ಹೂವಮ್ಮ ಬರುತ್ತಾಳೆ, ಹೂವು ಮಾತ್ರ ಕೊಳ್ಳುತ್ತೇವೆ. ಮೇಷ್ಟ್ರ ಮಂಡಿ ಪೂರ್ತಿ ಹುಷಾರಾಗಿಲ್ಲ, ಆದರೆ ನೋವಿದ್ದ ದಿನ "ಇವತ್ತು ಆಗಲ್ಲ ಕಣಮ್ಮ" ಎಂದು ಕಾಂಪೌಂಡಿನ ಆಚೆಯಿಂದಲೇ ಕೂಗುತ್ತಾರೆ. ಆ ಕೂಗು ಮೊದಲ ಸಲ ಕೇಳಿದ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಹಗುರಾಯಿತು. ಇಲ್ಲ ಎನ್ನಲು ಅನುಕೂಲವಿರುವ ಮನೆಯ ಹೌದನ್ನು ಮಾತ್ರ ನಂಬಬಹುದು.

ನಿಮ್ಮ ನಾಯಿಯನ್ನೂ ಪಕ್ಕದ ಮನೆಯವರು ಯಾರಾದರೂ ತಿರುಗಾಡಿಸುತ್ತಿದ್ದರೆ ಇವತ್ತೇ ಹೋಗಿ ನಾಲ್ಕು ಮಾತು ಕೇಳಿ: ನಿಮಗೆ ಕಷ್ಟವಾಗ್ತಿದೆಯಾ, ಯಾವ ದಾರಿಯಲ್ಲಿ ಹೋಗ್ತೀರಿ, ಏನು ತಿನ್ನಿಸ್ತೀರಿ, ಯಾವತ್ತು ರಜ ಬೇಕು. ಮುನಿಸಿಗೆ ಕಾಯಬೇಡಿ. ಮತ್ತೆ, ಹೋಗುವಾಗ ನೀವೇ ಹೋಗಿ. ಹೂವಿನವರ ಕೈಲಿ ಹೇಳಿ ಕಳಿಸಬೇಡಿ.